ಕೆಂಟಕಿಯ ನೆರೆಮನೆಯವರ ಮೂಲಪುರುಷನನ್ನು ಹುಡುಕುವ ಬಗ್ಗೆ, ಹೊಸದಾಗಿ ಬಂದವರೊಬ್ಬರಿಗೆ

ನಮಸ್ಕಾರ. ರಿಚ್‌ಮಂಡ್‌ಗೆ ಬಂದು ಇನ್ನೂ ವರ್ಷವಾಗಿಲ್ಲ, ಯಜಮಾನರು ಕೆಲಸಕ್ಕೆ ಹೋದ ಮೇಲೆ ಹೊತ್ತು ಕಳೆಯುವುದೇ ಕಷ್ಟವಾಗಿದೆ, ಇಲ್ಲಿನವರೊಡನೆ ಬೆರೆಯುವ ದಾರಿ ಯಾವುದು ಎಂದು ಕೇಳಿದ್ದೀರಿ. ಅದೇ ಪತ್ರದ ಕೊನೆಯಲ್ಲಿ ಪಕ್ಕದ ಮನೆಯ ಹಿರಿಯ ಹೆಂಗಸಿನ ವಿಷಯವನ್ನೂ ಬರೆದಿದ್ದೀರಿ. ಅವರು ಮನೆತನದ ಹಳೆಯ ಬೈಬಲ್ ತಂದು ತೋರಿಸಿ, ತಮ್ಮ ಮೂಲಪುರುಷ 1775ರಲ್ಲಿ, ಕೆಂಟಕಿಗೆ ದಾರಿ ಕಡಿದ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಜೊತೆಗೇ ಈ ಸೀಮೆಗೆ ಬಂದವನೆಂದೂ, ಬೂನ್ ಮನೆತನದ ರಕ್ತವೂ ತಮ್ಮಲ್ಲಿದೆಯೆಂದೂ ಹೇಳಿ, ಕಂಪ್ಯೂಟರ್ ಬಲ್ಲ ನೀವು ಇದನ್ನು ಹುಡುಕಿ ಕೊಡಬಹುದೇ ಎಂದು ಕೇಳಿದ್ದಾರೆ. ಪರರ ಮನೆಯ ವಿಷಯದಲ್ಲಿ ತಲೆಹಾಕುವುದು ಸರಿಯೇ ಎಂಬುದು ನಿಮ್ಮ ಅಳುಕು. ಅಕ್ಕ ಎಂದು ಕರೆದಿದ್ದೀರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ: ಒಪ್ಪಿಕೊಳ್ಳಿ. ನಿಮ್ಮ ಮೊದಲ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರವೂ ಈ ಎರಡನೆಯದರಲ್ಲೇ ಇದೆ.

ಈ ಭಾಗದ ಹಳಬರು ಪರಿಚಯವಾದ ಸ್ವಲ್ಪ ಹೊತ್ತಿಗೇ ‘ನಿಮ್ಮವರು ಎಲ್ಲಿಯವರು’ ಎಂದು ಕೇಳುತ್ತಾರೆ. ಅದರಲ್ಲಿ ಅನುಮಾನವಿಲ್ಲ; ಮಾತು ಮುಂದುವರಿಸಲು ಅವರಿಗೆ ಅದೊಂದು ಮೆಟ್ಟಿಲು. ನೀವು ಅದೇ ಪ್ರಶ್ನೆಯನ್ನು ತಿರುಗಿ ಕೇಳಿ, ಉತ್ತರವನ್ನು ಮನಸ್ಸಿಟ್ಟು ಕೇಳಿಸಿಕೊಂಡರೆ, ಆ ಮನೆಯ ಬಾಗಿಲು ನಿಮಗೆ ತೆರೆದಂತೆಯೇ. ನನಗೆ ಇಲ್ಲಿ ದೊರೆತ ಗಟ್ಟಿ ಸ್ನೇಹಗಳಲ್ಲಿ ಹೆಚ್ಚಿನವು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಗ್ರಂಥಾಲಯದ ವಂಶಾವಳಿ ಕೋಣೆಯಲ್ಲಿ, ಹಳೆಯ ದಾಖಲೆಗಳ ಎದುರು ಅಕ್ಕಪಕ್ಕ ಕುಳಿತಾಗ ಆದವು. ಒಂದು ಎಚ್ಚರಿಕೆಯನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವೀಸಾಕ್ಕೆ ಕೆಲಸದ ಪರವಾನಗಿ ಇನ್ನೂ ಬಂದಿಲ್ಲವೆಂದು ಬರೆದಿದ್ದೀರಿ. ಆದ್ದರಿಂದ ಅವರು ಎಷ್ಟೇ ಒತ್ತಾಯಿಸಿದರೂ ಹಣ ತೆಗೆದುಕೊಳ್ಳಬೇಡಿ. ನೆರೆಹೊರೆಯ ಉಪಕಾರವಾಗಿಯೇ ಇರಲಿ.

ಹುಡುಕಾಟವನ್ನು ಬೂನ್‌ನಿಂದ ಆರಂಭಿಸಿ ಕೆಳಗೆ ಇಳಿಯಬೇಡಿ. ಹೆಚ್ಚಿನವರು ಮಾಡುವುದೇ ಅದು, ಕೆಡುವುದೂ ಅಲ್ಲೇ. ಆ ಹಿರಿಯರಿಂದ ಆರಂಭಿಸಿ, ಅವರ ತಂದೆತಾಯಿ, ಅಜ್ಜ ಅಜ್ಜಿ ಎಂದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ, ಇವನು ಅವನ ಮಗನೇ ಎಂದು ತೋರಿಸುವ ಕಾಗದ ಕೈಗೆ ಸಿಕ್ಕ ಮೇಲಷ್ಟೇ ಮುಂದಿನ ಹೆಜ್ಜೆ ಇಡಿ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ವಂಶವೃಕ್ಷಗಳನ್ನು ಸುಳಿವಿಗೆಂದು ನೋಡಬಹುದು, ಸಾಕ್ಷ್ಯವೆಂದು ನಂಬಬಾರದು. ಒಬ್ಬರು ಮಾಡಿದ ಊಹೆಯನ್ನು ನೂರು ಜನ ನಕಲು ಮಾಡಿಕೊಂಡರೆ ಅದು ನೂರು ಸಾಕ್ಷಿಗಳಾಗುವುದಿಲ್ಲ.

ಅವರು ತೋರಿಸಿದ ಬೈಬಲಿನಿಂದಲೇ ಶುರುಮಾಡಿ. ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಜನನ, ಮದುವೆ, ಮರಣಗಳನ್ನು ಬರೆಯಲು ಹಾಳೆಗಳಿರುತ್ತವೆ. ಅವನ್ನು ಓದುವ ಮೊದಲು ಮುಖಪುಟ ತೆಗೆದು, ಪುಸ್ತಕ ಅಚ್ಚಾದ ವರ್ಷವನ್ನು ನೋಡಿ. 1840ರಲ್ಲಿ ಅಚ್ಚಾದ ಬೈಬಲಿನಲ್ಲಿ 1770ರ ಜನನ ಬರೆದಿದ್ದರೆ, ಅದನ್ನು ಯಾರೋ ನೆನಪಿನಿಂದಲೋ ಬೇರೊಂದು ಪಟ್ಟಿಯಿಂದಲೋ ತುಂಬಿದ್ದಾರೆಂದು ಅರ್ಥ. ಆಮೇಲೆ ಶಾಯಿಯನ್ನೂ ಕೈಬರಹವನ್ನೂ ಗಮನಿಸಿ. ಬೇರೆ ಬೇರೆ ಶಾಯಿಯಲ್ಲಿ, ಬೇರೆ ಬೇರೆ ಕೈಗಳಲ್ಲಿ ಬರೆದ ಸಾಲುಗಳು ಸಾಮಾನ್ಯವಾಗಿ ಆಯಾ ಕಾಲದಲ್ಲೇ ಬರೆದವು. ಎಲ್ಲವೂ ಒಂದೇ ಕೈಯಲ್ಲಿ, ಒಂದೇ ಶಾಯಿಯಲ್ಲಿ ಇದ್ದರೆ ಬಹುಶಃ ಒಮ್ಮೆಗೇ ಕುಳಿತು ಬರೆದವು. ಎರಡನೆಯದು ಸುಳ್ಳೆಂದಲ್ಲ, ಆದರೆ ಅದರ ತೂಕ ಕಡಿಮೆ.

ಬೂನ್ ರಕ್ತದ ಮಾತಿಗೆ ಬರೋಣ. ಡೇನಿಯಲ್ ಬೂನ್ 1734ರಲ್ಲಿ ಪೆನ್ಸಿಲ್ವೇನಿಯಾದಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯಿಂದ ಬಂದ ಸ್ಕ್ವೈರ್ ಬೂನ್ ಎಂಬ ಕ್ವೇಕರ್ ಎಂಬ ಕ್ರೈಸ್ತ ಪಂಥದ ನೇಕಾರನ ಹನ್ನೊಂದು ಮಕ್ಕಳಲ್ಲಿ ಆರನೆಯವನಾಗಿ ಹುಟ್ಟಿದ. ಮಕ್ಕಳು ಪಂಥದ ಹೊರಗೆ ಮದುವೆಯಾದ ಕಾರಣಕ್ಕೆ ಸಭೆಯು ಸ್ಕ್ವೈರನನ್ನು 1748ರಲ್ಲಿ ಹೊರಹಾಕಿತು. 1750ರಲ್ಲಿ ಕುಟುಂಬವು ಊರು ಬಿಟ್ಟು ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಯತ್ತ ಹೊರಟಿತು. ಅಲ್ಲಿ 1756ರಲ್ಲಿ ಡೇನಿಯಲ್ ರೆಬೆಕ್ಕಾ ಬ್ರಯನ್‌ಳನ್ನು ಮದುವೆಯಾದ. ಅವರಿಗೆ ಹತ್ತು ಮಕ್ಕಳು. ಹಿರಿಯ ಮಗ ಜೇಮ್ಸ್ 1773ರಲ್ಲಿ, ಕೆಂಟಕಿಗೆ ಹೊರಟ ಮೊದಲ ಪ್ರಯತ್ನದಲ್ಲೇ, ಹದಿಹರೆಯದಲ್ಲಿ ಕೊಲ್ಲಲ್ಪಟ್ಟ. ಎರಡನೆಯವನಾದ ಇಸ್ರೇಲ್ 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಮದುವೆಯಿಲ್ಲದೆ ಸತ್ತ. ವಿಲಿಯಂ ಕೂಸಾಗಿದ್ದಾಗಲೇ ತೀರಿಹೋದ. ಉಳಿದ ಗಂಡುಮಕ್ಕಳು ಡೇನಿಯಲ್ ಮಾರ್ಗನ್, ಜೆಸ್ಸಿ ಬ್ರಯನ್, ನೇಥನ್ ಈ ಮೂವರೇ. ಆದ್ದರಿಂದ ಬೂನ್ ಎಂಬ ಮನೆಹೆಸರನ್ನು ಹೊತ್ತು, ಗಂಡು ಸಂತತಿಯ ದಾರಿಯಲ್ಲಿ ಡೇನಿಯಲ್‌ನ ವಂಶ ತಮ್ಮದೆನ್ನುವವರು ಈ ಮೂವರಲ್ಲಿ ಒಬ್ಬನ ಮೂಲಕವೇ ಬರಬೇಕು. ಹೆಣ್ಣುಮಕ್ಕಳ ಸಂತತಿಯಾದರೆ ಹೇಸ್, ಕ್ಯಾಲವೇ, ಸ್ಕಾಲ್, ಗೋ ಎಂಬ ಮನೆಹೆಸರುಗಳಲ್ಲಿ ಹುಡುಕಬೇಕು. ನಿಮ್ಮ ನೆರೆಯವರ ವಂಶದ ಸರಪಳಿ ಇವರಾರನ್ನೂ ಮುಟ್ಟದಿದ್ದರೆ ಬೇಸರಪಡಬೇಕಾಗಿಲ್ಲ. ಡೇನಿಯಲ್‌ನ ಒಡಹುಟ್ಟಿದವರ ಸಂತತಿಯೂ ಬಹಳ ದೊಡ್ಡದು. ಅವನ ತಮ್ಮ ಎಡ್ವರ್ಡ್ ಮದುವೆಯಾದದ್ದು ರೆಬೆಕ್ಕಾಳ ತಂಗಿ ಮಾರ್ತಾಳನ್ನೇ. ಗಡಿಸೀಮೆಗೆ, ಅಂದರೆ ಆಗ ವಲಸಿಗರ ನೆಲೆಗಳ ಅಂಚಿನಲ್ಲಿದ್ದ ಈ ನೆಲಕ್ಕೆ, ಬಂದವರು ಒಬ್ಬೊಬ್ಬರಾಗಿ ಬಂದವರಲ್ಲ, ಬೀಗರು, ಭಾವಮೈದುನರು, ನೆರೆಯವರು ಒಟ್ಟಾಗಿ ಬಂದವರು. ಹಾಗಾಗಿ ಒಬ್ಬನ ಜಾಡು ತಪ್ಪಿದಾಗ ಅವನ ಪಕ್ಕದವರ ಜಾಡು ಹಿಡಿಯುವುದು ಇಲ್ಲಿ ಒಳ್ಳೆಯ ಪದ್ಧತಿ.

ಜನಗಣತಿ ನಿಮಗೆ ಸುಲಭವಾಗಿ ಸಿಗುತ್ತದೆ. 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಯಲ್ಲಿ 1840ರವರೆಗೆ ಮನೆಯ ಯಜಮಾನನ ಹೆಸರೊಂದೇ ಇರುತ್ತದೆ, ಉಳಿದವರು ವಯಸ್ಸಿನ ಗುಂಪುಗಳಲ್ಲಿ ಬರೀ ಸಂಖ್ಯೆಗಳು. 1850ರಲ್ಲಿ ಮೊದಲ ಬಾರಿಗೆ ಸ್ವತಂತ್ರ ಜನರೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬಂತು. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬುದು 1880ರಲ್ಲಿ ಬಂತು. 1890ರ ಗಣತಿಯ ಬಹುಭಾಗ 1921ರಲ್ಲಿ ವಾಷಿಂಗ್ಟನ್‌ನಲ್ಲಿ ಆದ ಬೆಂಕಿ ಅನಾಹುತದಿಂದಾಗಿ ಹೋಯಿತು. ಕೆಂಟಕಿಯ ಮಟ್ಟಿಗೆ ಇನ್ನೊಂದು ಕೊರತೆಯೂ ಇದೆ: 1790 ಮತ್ತು 1800ರ ಪಟ್ಟಿಗಳು ಉಳಿದಿಲ್ಲ, ಅವುಗಳ ಬದಲಿಗೆ ತೆರಿಗೆ ಪಟ್ಟಿಗಳನ್ನು ನೋಡಬೇಕು. ನನ್ನನ್ನು ಕೇಳಿದರೆ ತೆರಿಗೆ ಪಟ್ಟಿಗಳೇ ಹೆಚ್ಚು ಮಾತಾಡುತ್ತವೆ. ಯಾವ ಹೊಳೆಯ ಬದಿಯಲ್ಲಿ ಎಷ್ಟು ಎಕರೆ, ಎಷ್ಟು ಕುದುರೆ, ಆ ನೆಲ ಮೊದಲು ಯಾರ ಹೆಸರಿನಲ್ಲಿ ನೋಂದಣಿಯಾಗಿ ಅಳತೆಯಾಗಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಅದೇ ಹೊಳೆಯ ಬದಿಯಲ್ಲಿ, ಅದೇ ಮನೆಹೆಸರಿನಲ್ಲಿ ಒಂದು ವರ್ಷ ಹೊಸ ಹೆಸರೊಂದು ಕಾಣಿಸಿಕೊಂಡರೆ, ಆ ಮನೆಯ ಹುಡುಗನೊಬ್ಬನಿಗೆ ಇಪ್ಪತ್ತೊಂದು ತುಂಬಿದೆಯೆಂದು ಊಹಿಸಬಹುದು.

ಯಾವ ಕೌಂಟಿಯ ಕಡತ ನೋಡಬೇಕೆಂಬುದು ಹೊಸಬರಿಗೆ ತೊಡಕಾಗುತ್ತದೆ. ಕೆಂಟಕಿಯು 1792ರ ಜೂನ್ 1ರವರೆಗೆ ವರ್ಜೀನಿಯಾದ ಭಾಗವಾಗಿತ್ತು. 1776ರ ಕೊನೆಗೆ ಅದೆಲ್ಲ ಒಂದೇ ಕೌಂಟಿ, 1780ರಲ್ಲಿ ಜೆಫರ್ಸನ್, ಫಯೆಟ್, ಲಿಂಕನ್ ಎಂದು ಮೂರಾಯಿತು, ಈಗ ನೂರಿಪ್ಪತ್ತು. ನೀವಿರುವ ಮ್ಯಾಡಿಸನ್ ಕೌಂಟಿ ಲಿಂಕನ್‌ನಿಂದ ಒಡೆದು ಬಂದದ್ದು. ಆದ್ದರಿಂದ ಒಂದೇ ಮನೆಯಲ್ಲಿ, ಒಂದೇ ಹೊಲದಲ್ಲಿ ಕದಲದೆ ಬದುಕಿದವನ ಕಾಗದಗಳೂ ಮೂರು ನಾಲ್ಕು ಕಡೆ ಹಂಚಿಹೋಗಿರುತ್ತವೆ.

ಈಗ ‘1775ರಲ್ಲಿ ಬೂನ್ ಜೊತೆ ಬಂದವನು’ ಎಂಬ ಮಾತು. ಇದನ್ನು ಪರೀಕ್ಷಿಸಲು ಒಂದು ಅಪೂರ್ವ ದಾಖಲೆಯಿದೆ, ನಾನು ಎಲ್ಲರಿಗೂ ಮೊದಲು ಹೇಳುವುದು ಅದನ್ನೇ. 1775ರ ಮಾರ್ಚ್‌ನಲ್ಲಿ ರಿಚರ್ಡ್ ಹೆಂಡರ್ಸನ್‌ನ ಟ್ರಾನ್ಸಿಲ್ವೇನಿಯಾ ಕಂಪನಿಯು ಚೆರೋಕೀ ಎಂಬ ಮೂಲನಿವಾಸಿಗಳ ಮುಖಂಡರಿಂದ ಈ ಸೀಮೆಯನ್ನು ಕೊಂಡೆನೆಂದು ಹೇಳಿಕೊಂಡು, ಬೂನ್ ಮತ್ತು ಸುಮಾರು ಮೂವತ್ತು ಜನ ಕೊಡಲಿಯಾಳುಗಳಿಂದ ಕಂಬರ್‌ಲ್ಯಾಂಡ್ ಕಣಿವೆಯ ಮೂಲಕ ದಾರಿ ಕಡಿಸಿತು. ಆ ಕ್ರಯವನ್ನು ವರ್ಜೀನಿಯಾ 1778ರಲ್ಲಿ ರದ್ದುಮಾಡಿದ್ದರಿಂದ, ಕಂಪನಿಯಿಂದ ನೆಲ ಪಡೆದವರೂ ಮತ್ತೆ ಹಕ್ಕು ಸಾಧಿಸಬೇಕಾಯಿತು. 1779ರ ಕಾಯಿದೆಯ ಪ್ರಕಾರ, 1778ಕ್ಕೆ ಮೊದಲೇ ಬಂದು ಒಂದು ವರ್ಷ ನೆಲೆಸಿದವನಿಗೆ ಅಥವಾ ಒಂದು ಬೆಳೆ ಮೆಕ್ಕೆಜೋಳ ತೆಗೆದವನಿಗೆ 400 ಎಕರೆ, ಅದರ ಪಕ್ಕದಲ್ಲೇ ಇನ್ನೂ 1,000 ಎಕರೆ ಕೊಳ್ಳುವ ಮೊದಲ ಹಕ್ಕು ಸಿಗುತ್ತಿತ್ತು. ಇದಕ್ಕಾಗಿ ಆಯುಕ್ತರು 1779-80ರ ಕಡುಚಳಿಯಲ್ಲಿ ಕೋಟೆಯಿಂದ ಕೋಟೆಗೆ ಹೋಗಿ ಕುಳಿತು, ಒಬ್ಬೊಬ್ಬನ ಹೇಳಿಕೆ ಕೇಳಿ ಪ್ರಮಾಣಪತ್ರ ಕೊಟ್ಟರು. ಇಂಥವನು ಇಂಥ ಹೊಳೆಯ ಮೇಲೆ 1776ರಲ್ಲಿ ಮೆಕ್ಕೆಜೋಳ ಬೆಳೆದಿದ್ದಾನೆ ಎಂಬ ಒಂದು ಸಾಲು ಅಲ್ಲಿ ಸಿಕ್ಕರೆ, ಮನೆಯಲ್ಲಿ ಹೇಳಿಕೊಂಡು ಬಂದ ಕಥೆಗೆ ಸಮಕಾಲೀನ ಸಾಕ್ಷಿ ಸಿಕ್ಕಂತೆ. ಈ ಪ್ರಮಾಣಪತ್ರಗಳ ಪುಸ್ತಕವನ್ನು ಫ್ರಾಂಕ್‌ಫರ್ಟ್‌ನ ಕೆಂಟಕಿ ಐತಿಹಾಸಿಕ ಸಂಘದ ಗ್ರಂಥಾಲಯದಲ್ಲಿ ನೋಡಬಹುದು. ಅಳತೆ ಪತ್ರಗಳ ಚಿತ್ರಗಳನ್ನು ರಾಜ್ಯದ ಭೂ ಕಚೇರಿಯು ಅಂತರ್ಜಾಲದಲ್ಲೇ ಇಟ್ಟಿದೆ.

ಆ ಅಳತೆ ಪತ್ರಗಳನ್ನು ಓದಲು ನಿಮಗೆ ಕಷ್ಟವಾಗುವುದಿಲ್ಲ, ನಮ್ಮ ಕ್ರಯಪತ್ರಗಳ ಚೆಕ್ಕುಬಂದಿಯಂತೆಯೇ ಅವೂ ಇರುತ್ತವೆ. ಹೊಳೆಯ ದಂಡೆಯ ಎರಡು ಸಕ್ಕರೆ ಮೇಪಲ್ ಮರಗಳಿಂದ ಹೊರಟು, ಇಷ್ಟು ಡಿಗ್ರಿ ಪೂರ್ವಕ್ಕೆ ವಾಲಿ, ಇಷ್ಟು ಪೋಲ್ ದೂರದ ಬಿಳಿ ಓಕ್ ಮರದವರೆಗೆ, ಅಲ್ಲಿಂದ ಇಂಥವನ ಗೆರೆಯ ಗುಂಟ, ಎಂಬ ಧಾಟಿಯಲ್ಲಿ ಬರೆದಿರುತ್ತದೆ. ಒಂದು ಪೋಲ್ ಎಂದರೆ 16.5 ಅಡಿ. ಗೆರೆ ಯಾರ ಹೊಲಕ್ಕೆ ತಾಗಿದೆ, ಅಳತೆಯ ಸರಪಳಿ ಹಿಡಿದವರು ಯಾರು ಎಂಬ ಹೆಸರುಗಳನ್ನೆಲ್ಲ ಬರೆದುಕೊಳ್ಳಿ, ಏಕೆಂದರೆ ಸರಪಳಿ ಹಿಡಿದವರು ಎಷ್ಟೋ ಸಲ ಮಗನೋ ಮೈದುನನೋ ಆಗಿರುತ್ತಾರೆ. ಮರಗಳು ಬಿದ್ದುಹೋದವು, ಒಂದೇ ನೆಲವನ್ನು ಇಬ್ಬರು ಮೂವರು ಅಳೆಸಿಕೊಂಡರು, ದಶಕಗಟ್ಟಲೆ ವ್ಯಾಜ್ಯಗಳು ನಡೆದವು. ಬೂನ್ ತಾನೇ ಸರ್ವೆಯರ್ ಆಗಿದ್ದವನು. ಆದರೂ ತನ್ನ ಹೆಸರಿನ ಭೂಮಿಯನ್ನೆಲ್ಲ ಕಳೆದುಕೊಂಡು, 1799ರಲ್ಲಿ ಆಗ ಸ್ಪೇನಿನ ಕೈಯಲ್ಲಿದ್ದ ಮಿಸೌರಿಗೆ ಹೊರಟುಹೋದ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಆ ವ್ಯಾಜ್ಯಗಳ ಸಾಕ್ಷಿ ಹೇಳಿಕೆಗಳೇ ಇಂದು ನಮಗೆ ಆಧಾರ: ಸಾಕ್ಷಿಯ ವಯಸ್ಸು, ಅವನು ಮೊದಲು ಬಂದ ವರ್ಷ, ಅಂದು ಜೊತೆಗಿದ್ದವರ ಹೆಸರುಗಳು ಅಲ್ಲಿ ಸಿಗುತ್ತವೆ. ಬಾಯಿಮಾತಿನ ಇತಿಹಾಸ ಬೇಕೆಂದರೆ, ಲೈಮನ್ ಡ್ರೇಪರ್ ಎಂಬವರು ಗಡಿಸೀಮೆಯ ಮುದುಕರನ್ನು ಹುಡುಕಿಕೊಂಡು ಹೋಗಿ ಬರೆದುಕೊಂಡ ಟಿಪ್ಪಣಿಗಳಿವೆ. 1851ರಲ್ಲಿ ಅವರು ಮಿಸೌರಿಯಲ್ಲಿ ನೇಥನ್ ಬೂನ್ ಮತ್ತು ಅವನ ಹೆಂಡತಿ ಆಲಿವ್ ಅವರನ್ನು ಕಂಡು ಮಾತಾಡಿಸಿದರು. ಆ ಸಂಗ್ರಹ ವಿಸ್ಕಾನ್ಸಿನ್ ಐತಿಹಾಸಿಕ ಸಂಘದಲ್ಲಿದೆ. ಅದರ ಮೈಕ್ರೋಫಿಲ್ಮ್ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ.

ಹೆಂಗಸರನ್ನು ಹುಡುಕುವುದು ಹೆಚ್ಚು ಕಷ್ಟ, ಅದಕ್ಕೇ ಹೆಚ್ಚು ಶ್ರದ್ಧೆ ಬೇಕು. ಗಂಡ ನೆಲ ಮಾರುವಾಗ ಹೆಂಡತಿ ಅದರ ಮೇಲಿನ ತನ್ನ ವಿಧವಾ ಹಕ್ಕನ್ನು ಬಿಟ್ಟುಕೊಡಬೇಕಿತ್ತು. ಗಂಡನ ಎದುರಿಗಲ್ಲದೆ ಬೇರೆಯಾಗಿ ಅವಳ ಒಪ್ಪಿಗೆ ಕೇಳಿ, ಪತ್ರದ ಕೊನೆಯಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟೋ ಹೆಂಗಸರ ಹೆಸರು ಉಳಿದಿರುವುದು ಆ ನಾಲ್ಕು ಸಾಲುಗಳಲ್ಲಿ ಮಾತ್ರ. ಮದುವೆಯ ಮುಚ್ಚಳಿಕೆಗಳಿಗೆ ಜಾಮೀನು ನಿಂತವನು ಅನೇಕ ಸಲ ಹುಡುಗಿಯ ತಂದೆ ಅಥವಾ ಅಣ್ಣನಾಗಿರುತ್ತಾನೆ. ತವರಿನ ಮನೆಹೆಸರು ಸಿಗುವುದು ಹೀಗೆ.

ಇನ್ನೊಂದು ವಿಷಯವನ್ನು ನಿಮ್ಮ ನೆರೆಯವರಿಗೆ ಮೃದುವಾಗಿ, ಆದರೆ ಮರೆಮಾಚದೆ ಹೇಳಬೇಕು. ಉಯಿಲನ್ನೂ ಆಸ್ತಿ ಪಟ್ಟಿಯನ್ನೂ ತೆಗೆದಾಗ, ಹಸು, ಕುದುರೆ, ತಾಮ್ರದ ಹಂಡೆಗಳ ನಡುವೆ ಮನುಷ್ಯರ ಹೆಸರುಗಳು ಬೆಲೆಯೊಂದಿಗೆ ಕಾಣಬಹುದು. 1773ರಲ್ಲಿ ಜೇಮ್ಸ್ ಬೂನ್ ಸತ್ತ ದಾಳಿಯನ್ನು ಕಣ್ಣಾರೆ ಕಂಡು ಬದುಕಿ ಬಂದವನು ಆಡಮ್ ಎಂಬ ಗುಲಾಮ. ಡೇನಿಯಲ್ ಬೂನ್ ಬಳಿಯೂ ಗುಲಾಮರಿದ್ದರು. 1850 ಮತ್ತು 1860ರ ಗಣತಿಗಳಲ್ಲಿ ಈ ಜನರು ಒಡೆಯನ ಹೆಸರಿನ ಕೆಳಗೆ ಬರೀ ವಯಸ್ಸು, ಲಿಂಗ, ಬಣ್ಣವಾಗಿ ನಿಲ್ಲುತ್ತಾರೆ. ಅವರೆಲ್ಲರ ಹೆಸರು ಗಣತಿಗೆ ಬಂದದ್ದು 1870ರಲ್ಲಿ. ಅದಕ್ಕಿಂತ ಹಿಂದಕ್ಕೆ ತಮ್ಮವರನ್ನು ಹುಡುಕುತ್ತಿರುವ ಕುಟುಂಬಗಳಿಗೆ, ನಿಮ್ಮ ಕೈಯಲ್ಲಿರುವ ಆ ಉಯಿಲೇ ಉಳಿದ ಒಂದೇ ಸುಳಿವಾಗಿರಬಹುದು. ಆದ್ದರಿಂದ ಆ ಹೆಸರುಗಳನ್ನು ಒಂದೂ ಬಿಡದೆ ಬರೆದುಕೊಂಡು ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿ. ಹಾಗೆಯೇ, ಈ ನೆಲ ಖಾಲಿಯಾಗಿರಲಿಲ್ಲ. ಇದು ಶಾನೀ ಮತ್ತು ಚೆರೋಕೀ ಜನರ ಬೇಟೆಯ ಸೀಮೆ. 1778ರಲ್ಲಿ ಬೂನ್‌ನನ್ನು ಸೆರೆಹಿಡಿದ ಶಾನೀ ಮುಖಂಡ ಬ್ಲ್ಯಾಕ್‌ಫಿಶ್ ಅವನನ್ನು ಮಗನೆಂದು ದತ್ತು ತೆಗೆದುಕೊಂಡಿದ್ದ. ಬೂನ್ ಕೆಲವೇ ತಿಂಗಳಲ್ಲಿ ತಪ್ಪಿಸಿಕೊಂಡು ಬಂದು, ಅದೇ ಸೆಪ್ಟೆಂಬರಿನಲ್ಲಿ ಬೂನ್ಸ್‌ಬರೋ ಕೋಟೆಯ ಗೋಡೆಯ ಒಳಗಿನಿಂದ ಅವನನ್ನೇ ಎದುರಿಸಿದ. ಮೂಲಪುರುಷನ ಕಥೆ ಬರೆಯುವಾಗ ಗೋಡೆಯ ಹೊರಗಿದ್ದವರನ್ನು ಬಿಟ್ಟರೆ ಅದು ಪೂರ್ತಿಯಾಗುವುದಿಲ್ಲ.

ಸಮಾಧಿಗಳನ್ನು ನೋಡಲು ಹೋಗುವುದಾದರೆ, ಹಳೆಯ ಮನೆತನದ ಸ್ಮಶಾನಗಳು ಈಗ ಬೇರೆಯವರ ಹೊಲದ ನಡುವೆ ಇರುತ್ತವೆ, ಅನುಮತಿ ಕೇಳದೆ ಕಾಲಿಡಬೇಡಿ. ಬೇಟೆಯ ಕಾಲದಲ್ಲಿ ಕಿತ್ತಳೆ ಬಣ್ಣದ ಅಂಗಿ, ಬೇಸಿಗೆಯಲ್ಲಿ ಉಣ್ಣೆಹುಳು ಹತ್ತದಂತೆ ಉದ್ದನೆಯ ಕಾಲುಚೀಲ ಬೇಕು. ಕಲ್ಲಿನ ಅಕ್ಷರ ಕಾಣಿಸಲೆಂದು ಉಜ್ಜುವುದು, ಸುಣ್ಣದ ಕಡ್ಡಿ ತೀಡುವುದು ಬೇಡ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸಾಕು.

ಮೊದಲ ಕೆಲಸವಾಗಿ, ಆ ಹಿರಿಯರನ್ನೂ ಜೊತೆಗೆ ಕರೆದುಕೊಂಡು ರಿಚ್‌ಮಂಡ್‌ನ ಕೋರ್ಟ್‌ಹೌಸ್‌ಗೆ ಹೋಗಿ, ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೆಲ ಮಾರಿದವರ ಮತ್ತು ಕೊಂಡವರ ಸೂಚಿಗಳನ್ನು ತೋರಿಸಿ ಎಂದು ಕೇಳಿ. ಬೂನ್‌ನ ವಿಷಯವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, 1850ರ ಗಣತಿಯಲ್ಲಿ ಅವರ ಮನೆಯನ್ನು ಖಚಿತವಾಗಿ ಗುರುತಿಸುವಷ್ಟನ್ನು ಮಾತ್ರ ಈ ಚಳಿಗಾಲದಲ್ಲಿ ಮಾಡಿ ಮುಗಿಸಿ. ಅದು ಸಿಕ್ಕ ಮೇಲೆ ನನಗೆ ಬರೆಯಿರಿ. ಅಲ್ಲಿಂದ ಹಿಂದಕ್ಕೆ ತೆರಿಗೆ ಪಟ್ಟಿ ಮತ್ತು ಪ್ರಮಾಣಪತ್ರಗಳ ಕೆಲಸ, ಅದಕ್ಕೆ ಫ್ರಾಂಕ್‌ಫರ್ಟ್‌ಗೇ ಹೋಗಬೇಕು. ಕಾರು ನಾನು ತರುತ್ತೇನೆ, ಮಧ್ಯಾಹ್ನದ ಬುತ್ತಿ ನಿಮ್ಮದಾಗಲಿ. ಅವರಿಗೆ ಖಾರ ಆಗುವುದೋ ಇಲ್ಲವೋ ಮೊದಲೇ ಕೇಳಿಟ್ಟುಕೊಳ್ಳಿ.