ಎತ್ತಿ ಕಟ್ಟಿದ್ರೆ ಭಾರ ಕಮ್ಮಿ ಆಗುತ್ತಾ?

ನಾನು ಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಲಬುರಗಿ ಕಡೆಯ ಹೆಂಗಸು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಇಬ್ಬರು ಮಕ್ಕಳು. ಇಷ್ಟು ಸಾಕು. ಎದೆಯ ಭಾರದಿಂದ ನೋವು ಅಂತ ಹೇಳಿಕೊಂಡು ಬರುವವರು ಇವರೊಬ್ಬರೇ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಗಂಡನ ಜೊತೆ ಬಂದರು. ಮಾತಾಡಿದ್ದೆಲ್ಲ ಗಂಡನೇ. ಜೋತುಬಿದ್ದ ಎದೆ ಎತ್ತಿ ಕಟ್ಟುವ ಆಪರೇಷನ್‌ನ ಜಾಹೀರಾತು ಮೊಬೈಲ್‌ನಲ್ಲಿ ನೋಡಿದ್ದರಂತೆ. "ಬ್ರೆಸ್ಟ್ ಲಿಫ್ಟ್ ಮಾಡಿಸೋಣ ಅಂದ್ರ ಈಕಿ ಅಳ್ತಾಳ್ರಿ" ಅಂದರು. ಇದು ಅಂದಚೆಂದದ ಜಗಳ ಅಂದುಕೊಂಡು ಕಳಿಸಿಬಿಟ್ಟೆ. ಆ ತಪ್ಪು ಈಗಲೂ ಕಾಡುತ್ತದೆ.

ಎರಡನೇ ಸಲ ಒಬ್ಬರೇ ಬಂದರು. ಬಾಗಿಲು ಹಾಕಿ, ಸೆರಗು ಸರಿಸಿ ಹೆಗಲು ತೋರಿಸಿದರು. ಬ್ರಾ ಪಟ್ಟಿ ಕೂರುವ ಜಾಗದಲ್ಲಿ ಕಿರುಬೆರಳು ಹಿಡಿಸುವಷ್ಟು ತಗ್ಗು. ಚರ್ಮ ಕಪ್ಪುಗಟ್ಟಿತ್ತು. ಒತ್ತದಿರಲಿ ಅಂತ ಪಟ್ಟಿಯ ಕೆಳಗೆ ತಾವೇ ಅರಿವೆ ಮಡಚಿ ಹೊಲಿದುಕೊಂಡಿದ್ದರು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತೆ ಅಲ್ವಾ, ಎದೆಯ ಕೆಳಗಿನ ಬೆವರಿಗೆ ಹಳೇ ಸೀರೆ ತುಂಡು ಇಟ್ಟುಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ತುಂಡು. ಆದರೂ ಚರ್ಮ ಸುಲಿದು ಉರಿಯುತ್ತದೆ. ಮಷಿನ್ ಮುಂದೆ ಒಂದು ತಾಸು ಕೂತರೆ ಕುತ್ತಿಗೆ ಹಿಡಿಯುತ್ತದೆ.

ಆಮೇಲೆ ಕೇಳಿದರು: "ಮೇಡಂರಿ, ಎತ್ತಿ ಕಟ್ಟಿದ್ರ ಭಾರ ಕಮ್ಮಿ ಆಗ್ತದೇನ್ರಿ? ತೊಗರಿ ಚೀಲ ತಲಿ ಮ್ಯಾಲ ಇಟ್ರೂ ಅಷ್ಟೇ, ಬಗಲಾಗ ಹಿಡದ್ರೂ ಅಷ್ಟೇ ಅಲ್ರೀ?"

ನೂರಕ್ಕೆ ನೂರು ಸರಿ. ಲಿಫ್ಟ್‌ನಲ್ಲಿ ಜೋತುಬಿದ್ದ ಚರ್ಮ ತೆಗೆದು, ತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ. ಭಾರ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಬ್ರೆಸ್ಟ್ ರಿಡಕ್ಷನ್, ಅಂದರೆ ಎದೆ ಚಿಕ್ಕದು ಮಾಡುವ ಆಪರೇಷನ್‌ನಲ್ಲಿ ಕೊಬ್ಬು, ಗ್ರಂಥಿಯ ಭಾಗ, ಚರ್ಮ ಮೂರನ್ನೂ ತೆಗೆಯುತ್ತಾರೆ. ಭಾರದಿಂದ ಬಂದ ನೋವಿಗೆ ಬೇಕಾದದ್ದು ಅದು. ಮನೆಯವರು ಚಂದಕ್ಕೆ ದುಡ್ಡು ಕೊಡಲು ತಯಾರಿದ್ದರು, ನೋವಿಗೆ ಇರಲಿಲ್ಲ. "ದೇವರು ಕೊಟ್ಟಿದ್ದು ಯಾರಾದ್ರೂ ಕೊಯ್ಸ್ಕೋತಾರೇನು" ಅಂತ ಅತ್ತೆ ಅಂದಿದ್ದರಂತೆ.

ಆಪರೇಷನ್ ವಿಷಯ ಸಲಹೆಗಾರ್ತಿಗೆ ಯಾಕೆ ಅಂತ ಗೆಳತಿಯೊಬ್ಬಳು ಕೇಳಿದಳು. ನಾನು ಮಾಡಿಸಿಕೊಳ್ಳಿ ಅನ್ನಲಿಲ್ಲ. ನೋವಿಗೆ ಅಂತ ಲಿಫ್ಟ್ ಮಾಡಿಸಬೇಡಿ ಅಂದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅನ್ನೋ ಉನ್ನತ ಪದವಿ ಮಾಡಿದ ಡಾಕ್ಟರಿಗೆ ಈ ಹೆಗಲು ತೋರಿಸಿ ಅಂದೆ. ಕಷ್ಟಗಳನ್ನೂ ಮುಚ್ಚಿಡಲಿಲ್ಲ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ತೊಟ್ಟಿನ ಸುತ್ತ, ಅದರ ಕೆಳಗೆ ತಲೆಕೆಳಗಾದ 'ಟಿ' ಅಕ್ಷರದಂಥ ಕಲೆ ಸಾಮಾನ್ಯವಾಗಿ ಉಳಿಯುತ್ತದೆ, ಮಾಸುತ್ತೆ, ಹೋಗಲ್ಲ. ತೊಟ್ಟಿನ ಸ್ಪರ್ಶ ಕಮ್ಮಿ ಆಗಬಹುದು. ಮುಂದೆ ಮಗು ಬೇಕು ಅನ್ನುವವರಿಗೆ ಹಾಲುಣಿಸುವುದು ಕಷ್ಟ ಆಗಬಹುದು. ಇವರಿಗೆ ಆ ಚಿಂತೆ ಇರಲಿಲ್ಲ. ಊಟದ ನಂತರ ಹಲ್ಲಿಗೆ ತಂಬಾಕು ಪುಡಿ ತಿಕ್ಕುವ ರೂಢಿ ಮಾತ್ರ ಇತ್ತು. ನಿಕೋಟಿನ್ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲೇ ಬಿಡಬೇಕು.

ಗಂಡನನ್ನು ಕರೆಸಿ ಒಂದೇ ಮಾತು ಕೇಳಿದೆ: ಆಪರೇಷನ್ ಆದ ಮೇಲೆ 4ರಿಂದ 6 ವಾರ ಇವರು ಭಾರ ಎತ್ತುವ ಹಾಗಿಲ್ಲ. ನೀರಿನ ಕೊಡ ಯಾರು ಎತ್ತುತ್ತಾರೆ? ಅವರು ಸುಮ್ನೆ ಕೂತರು. ಮರುವಾರ ಬಂದು, "ತಂಗೀನ ಕರಸ್ತೀನ್ರಿ" ಅಂದರು.

ಮೊನ್ನೆ ಆಕೆ ಫೋನ್ ಮಾಡಿದ್ದರು. ತಂಬಾಕು ಬಿಟ್ಟು 19 ದಿನ ಆಯ್ತಂತೆ.