ಓದುಗರ ಪ್ರಶ್ನೆ: ಫೋನಿನಲ್ಲಿ ಕಂಡ ಹೆಸರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮಂಡ್ಯದಲ್ಲಿ ನನ್ನದು ಬೆಲ್ಲದ ವ್ಯಾಪಾರ. ಹೊಸ ಗಿರಾಕಿಗಳು ಫೋನ್ ಮಾಡುತ್ತಲೇ ಇರುತ್ತಾರೆ, ಹಾಗಾಗಿ ಗೊತ್ತಿಲ್ಲದ ನಂಬರನ್ನೂ ಎತ್ತಲೇಬೇಕು. ಮೊನ್ನೆ ಫೋನ್ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರೇ ಬಂತು, ಮಾತಾಡಿದವನು ಕಾರ್ಡ್ ನಂಬರ್ ಕೇಳಿದ. ಹೆಸರು ಬಂದರೂ ನಂಬಬಾರದೇ? ಅದರಲ್ಲಿರುವ ನನ್ನ ನಂಬರನ್ನು ತೆಗೆಸುವುದು ಹೇಗೆ?

ಉತ್ತರ: ನಂಬಬಾರದು. ಟ್ರೂಕಾಲರ್ ತೋರಿಸುವ ಹೆಸರು ಸಿಮ್ ಕೊಳ್ಳುವಾಗ ಕೊಟ್ಟ ದಾಖಲೆಯಿಂದ ಬಂದದ್ದಲ್ಲ. ಆ ನಂಬರಿನವರು ತಾವೇ ಬರೆದುಕೊಂಡದ್ದು, ಇಲ್ಲವೇ ಬೇರೆ ಬಳಕೆದಾರರು ಸೂಚಿಸಿದ್ದು. ಮೋಸಗಾರ ತನ್ನ ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರು ತುಂಬಿ, ಫೋಟೋ ಜಾಗದಲ್ಲಿ ಲೋಗೋ ಹಾಕಿದರೆ ಸಾಕು. ಕೆಂಪು ಬಣ್ಣದಲ್ಲಿ ‘ಸ್ಪ್ಯಾಮ್’ ಎಂದು ಬಂದರೆ ಎಚ್ಚರಿಕೆಯೆಂದೇ ತಿಳಿಯಿರಿ. ಆದರೆ ಹೊಸ ಸಿಮ್ ಮೇಲೆ ಇನ್ನೂ ಯಾರೂ ದೂರು ಕೊಟ್ಟಿರುವುದಿಲ್ಲ, ಆದ್ದರಿಂದ ಕೆಂಪು ಬರಲಿಲ್ಲವೆಂದು ಧೈರ್ಯ ಮಾಡಬೇಡಿ.

ಹೆಸರಿಗಿಂತ ಅಂಕಿ ನೋಡುವುದು ಒಳ್ಳೆಯದು. ಬ್ಯಾಂಕು ಮತ್ತು ಸರ್ಕಾರಿ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ಸರಣಿ ಇದೆ, ಜಾಹೀರಾತಿನ ಕರೆಗಳಿಗೆ 140ರದ್ದು. ಮಾಮೂಲಿ 10 ಅಂಕಿಯ ಮೊಬೈಲಿನಿಂದ ‘ಬ್ಯಾಂಕಿನಿಂದ’ ಎಂದರೆ ಕರೆ ಕತ್ತರಿಸಿ, ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಬಂದ ನಂಬರಿಗೇ ತಿರುಗಿ ಮಾಡಬೇಡಿ.

ಆ್ಯಪ್ ಅಳಿಸಿದರೆ ನಿಮ್ಮ ಹೆಸರು ಅಳಿಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಮೊದಲು ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಸೆಂಟರ್‌ಗೆ ಹೋಗಿ ಖಾತೆಯನ್ನು ಡಿಆ್ಯಕ್ಟಿವೇಟ್ ಮಾಡಿ. ಆಮೇಲೆ ಟ್ರೂಕಾಲರ್ ಜಾಲತಾಣದ ‘ಅನ್‌ಲಿಸ್ಟ್’ ಪುಟದಲ್ಲಿ +91 ಸೇರಿಸಿ ನಂಬರ್ ಕೊಡಿ. ಮುಂದೆಂದಾದರೂ ಆ್ಯಪ್ ಮತ್ತೆ ಹಾಕಿಕೊಂಡರೆ ನಂಬರ್ ಮತ್ತೆ ಪಟ್ಟಿಗೆ ಸೇರುತ್ತದೆ. ಗೂಗಲ್ ಫೋನ್ ಆ್ಯಪ್ ಇರುವವರು ಅದರಲ್ಲೇ ‘ಕಾಲರ್ ಐಡಿ ಮತ್ತು ಸ್ಪ್ಯಾಮ್’ ಆನ್ ಮಾಡಿಕೊಳ್ಳಬಹುದು.

ಪ್ರಶ್ನೆ: ಪಾರ್ಸೆಲ್ ತಂದಿದ್ದೇನೆ ಎಂದವನು ಸ್ಟಾರ್ 401 ಸ್ಟಾರ್ ಒತ್ತಿ ಒಂದು ಮೊಬೈಲ್ ನಂಬರ್ ಸೇರಿಸಿ ಡಯಲ್ ಮಾಡಿ ಅಂದ. ಮಾಡಿಬಿಟ್ಟೆ. ಅಂದಿನಿಂದ ಮಗಳ ಫೋನೂ ನನಗೆ ಬರುತ್ತಿಲ್ಲ. (ಕುವೆಂಪುನಗರ, ಮೈಸೂರು)

ಉತ್ತರ: ಇದನ್ನು ಓದಿದ ತಕ್ಷಣ ಸರಿಪಡಿಸಿಕೊಳ್ಳಿ ತಾಯಿ. ಅದು ಕಾಲ್ ಫಾರ್ವರ್ಡ್ ಕೋಡ್. ನಿಮಗೆ ಬರಬೇಕಾದ ಕರೆಗಳೆಲ್ಲ ಅವನ ಫೋನಿಗೆ ಹೋಗುತ್ತಿವೆ. ಅವನಿಗೆ ಬೇಕಾಗಿರುವುದು ಕರೆಯಲ್ಲಿ ಓದಿ ಹೇಳುವ ಓಟಿಪಿ. ಅದು ಸಿಕ್ಕರೆ ನಿಮ್ಮ ವಾಟ್ಸ್ಆ್ಯಪ್ಪನ್ನೇ ತನ್ನ ಫೋನಿನಲ್ಲಿ ತೆರೆದು, ನಿಮ್ಮವರ ಬಳಿ ದುಡ್ಡು ಕೇಳುತ್ತಾನೆ.

##002# ಡಯಲ್ ಮಾಡಿ, ಎಲ್ಲ ಫಾರ್ವರ್ಡ್‌ಗಳೂ ರದ್ದಾಗಬೇಕು. *#21# ಒತ್ತಿ ಪರೀಕ್ಷಿಸಿ. ಕೋಡ್ ಮೂಲಕ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಹಾಗಾಗಿ ಈ ಕೋಡ್‌ಗಳೂ ಕೆಲಸ ಮಾಡದೇ ಇರಬಹುದು. ಆಗ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆಯಿರಿ. ಯಾವಾಗಲೂ, ಬಿಜಿ ಇದ್ದಾಗ, ಎತ್ತದಿದ್ದಾಗ, ಸಿಗದಿದ್ದಾಗ ಎಂದು ನಾಲ್ಕು ಸಾಲು ಇರುತ್ತವೆ. ಮೊದಲ ಸಾಲು ಆಫ್ ಇದೆಯೆಂದು ಸುಮ್ಮನಾಗದೆ ನಾಲ್ಕನ್ನೂ ನೋಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆಬೇರೆಯಾಗಿ ನೋಡಬೇಕು. ‘ಸಿಗದಿದ್ದಾಗ’ ಎಂಬಲ್ಲಿ ನಿಮ್ಮ ಕಂಪನಿಯ ಮಿಸ್ಡ್ ಕಾಲ್ ಸೇವೆಯ ನಂಬರ್ ಇರಬಹುದು, ಅದಕ್ಕೆ ಗಾಬರಿ ಬೇಡ.

ಬಳಿಕ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಅಕೌಂಟ್‌ನಲ್ಲಿ ‘ಟೂ-ಸ್ಟೆಪ್ ವೆರಿಫಿಕೇಶನ್’ ಹಾಕಿ 6 ಅಂಕಿಯ ಪಿನ್ ಇಡಿ. ಓಟಿಪಿ ಸಿಕ್ಕಿದರೂ ಪಿನ್ ಇಲ್ಲದೆ ಅವನು ಒಳಗೆ ಬರಲಾರ. ಹುಟ್ಟಿದ ದಿನಾಂಕವನ್ನು ಪಿನ್ ಮಾಡಬೇಡಿ. ಖಾತೆಯಿಂದ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಹಿಡಿಸಲು ಒಂದೊಂದು ನಿಮಿಷವೂ ಬೇಕು.

ಪ್ರಶ್ನೆ: ದೇವರಾಜ ಮಾರುಕಟ್ಟೆ ಹತ್ತಿರ ಜೆರಾಕ್ಸ್ ಮಾಡಿಸುವಾಗ ಆಧಾರ್ ಪ್ರತಿಯೊಂದು ಅಂಗಡಿಯಲ್ಲೇ ಉಳಿಯಿತು. ನನ್ನ ಹೆಸರಲ್ಲಿ ಬೇರೆ ಯಾರಾದರೂ ಸಿಮ್ ತೆಗೆದಿದ್ದರೆ?

ಉತ್ತರ: ಸಂಚಾರ್ ಸಾಥಿ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಿದರೆ, ನಿಮ್ಮ ಹೆಸರಲ್ಲಿರುವ ನಂಬರುಗಳ ಪಟ್ಟಿ ಬರುತ್ತದೆ. ನಿಮ್ಮದಲ್ಲದ್ದರ ಎದುರು ‘ನಾಟ್ ಮೈ ನಂಬರ್’ ಒತ್ತಿ. ಒಬ್ಬರ ಹೆಸರಲ್ಲಿ ನಮ್ಮ ರಾಜ್ಯದಲ್ಲಿ 9 ಸಿಮ್‌ವರೆಗೆ ಇರಬಹುದು. ಮೋಸದ ಕರೆ ಬಂದಿದ್ದರೆ ಅದೇ ತಾಣದ ‘ಚಕ್ಷು’ ವಿಭಾಗದಲ್ಲಿ ದೂರು ಕೊಡಿ. ಬರೀ ಜಾಹೀರಾತಿನ ಕಾಟವಾದರೆ 1909ಕ್ಕೆ, ಕರೆ ಬಂದ 7 ದಿನದೊಳಗೆ.