ಸಲಿಕೆಯಿಂದ ಶುರು ಮಾಡಿ

ನಮಸ್ಕಾರ.

ಅಮೆರಿಕದ ಲೇಖಕ ವಿಲಿಯಂ ಫಾಕ್ನರ್ ಅವರ ‘ಪ್ಯಾಂಟಲೂನ್ ಇನ್ ಬ್ಲ್ಯಾಕ್’ ಕಥೆ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಕೈಬಿಡಬೇಡಿ; ಕಥೆ ನಿಮ್ಮನ್ನು ಕಲಕಿದೆ ಎಂಬುದು ಕೊನೆಯ ಪುಟದಲ್ಲಿ ಗೊತ್ತಾಗುತ್ತದೆ.

ಗುಲಾಮಗಿರಿಯ ಇತಿಹಾಸ ಹೇಳುವ ಮೊದಲ ಮೂರು ಪುಟ ತೆಗೆಯಿರಿ. ಕಥೆಯ ಕಪ್ಪು ನಾಯಕ ರೈಡರ್ ಗುಲಾಮನಲ್ಲ. ಗುಲಾಮಗಿರಿ 1865ರಲ್ಲೇ ರದ್ದಾಗಿತ್ತು, ಕಥೆ ಅಚ್ಚಾದದ್ದು 1940ರಲ್ಲಿ. ಅವನು ಮರದ ಮಿಲ್ಲಿನಲ್ಲಿ ಒಂದು ತಂಡದ ಮೇಸ್ತ್ರಿ, ಬಾಡಿಗೆ ಮನೆಯವನು, ಶನಿವಾರದ ಸಂಬಳದ ಬೆಳ್ಳಿ ಡಾಲರುಗಳನ್ನು ಹೆಂಡತಿ ಮ್ಯಾನಿಯ ಮುಂದೆ ಮೇಜಿನ ಮೇಲೆ ಸುರಿಯುವವನು. ಮದುವೆಯಾದ ಆರೇ ತಿಂಗಳಿಗೆ ಅವಳು ತೀರಿಕೊಳ್ಳುತ್ತಾಳೆ. ‘ವರ್ಣದ್ವೇಷವೇ ಅವಳನ್ನು ಕೊಂದಿತು’ ಎಂದು ಬರೆದಿದ್ದೀರಿ. ಸಾವಿನ ಕಾರಣವನ್ನು ಕಥೆ ಹೇಳುವುದೇ ಇಲ್ಲ. ಹೇಳದೆ ಬಿಟ್ಟದ್ದನ್ನು ನೀವು ತುಂಬಬೇಡಿ.

‘ಅಪಾರ ದುಃಖ’ ಎಂಬ ಮಾತು ಹನ್ನೊಂದು ಸಲ ಬಂದಿದೆ. ರೈಡರ್‌ನ ದುಃಖ ಇರುವುದು ಅವನ ಕೈಯಲ್ಲಿ. ಹೆಂಡತಿಯ ಸಮಾಧಿಗೆ ತಾನೇ ಮಣ್ಣು ಎಳೆಯುತ್ತಾನೆ, ಸಲಿಕೆ ಕಸಿಯಲು ಬಂದವರನ್ನು ಕೊಡವಿ ತಳ್ಳುತ್ತಾನೆ. ಮರುದಿನವೇ ಮಿಲ್ಲಿಗೆ ಹೋಗಿ ಒಬ್ಬನೇ ದೊಡ್ಡ ದಿಮ್ಮಿ ಎತ್ತಿ ಎಸೆದು, ಕೆಲಸ ಬಿಟ್ಟು ನಡೆಯುತ್ತಾನೆ.

ಎರಡನೇ ಭಾಗಕ್ಕೆ ನೀವು ಕೊಟ್ಟಿರುವುದು ನಾಲ್ಕು ಸಾಲು. ಕಥೆ ನಿಂತಿರುವುದೇ ಅದರ ಮೇಲೆ! ದಾಳದ ಜೂಜಿನಲ್ಲಿ ಮಿಲ್ಲಿನ ಬಿಳಿಯ ಕಾವಲುಗಾರನನ್ನು ಕೊಂದ ರೈಡರ್‌ನನ್ನು ಜನರೇ ನೇಣಿಗೆ ಹಾಕಿ ಕೊಂದಾದ ಮೇಲೆ, ಬಿಳಿಯ ಡೆಪ್ಯುಟಿ ಶೆರೀಫ್ (ಓಟಿನಿಂದ ಆರಿಸಿಬರುವ ಪೊಲೀಸ್ ಮುಖ್ಯಸ್ಥನ ಸಹಾಯಕ) ಅಡುಗೆಮನೆಯಲ್ಲಿ ಕೂತು, ಇದೇ ಸಂಗತಿಗಳನ್ನು ತನ್ನ ಹೆಂಡತಿಗೆ ಹೇಳುತ್ತಾನೆ. ಅದೇ ಸಲಿಕೆ, ಅದೇ ದಿಮ್ಮಿ. ಅವನ ಕಣ್ಣಿಗೆ ಅವು ಕಪ್ಪುಜನರಿಗೆ ಮನುಷ್ಯರ ಭಾವನೆಯಿಲ್ಲ ಎಂಬುದಕ್ಕೆ ಸಾಕ್ಷಿ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ರೈಡರ್ ಮಾಡಿದ್ದನ್ನು ಎಡಕ್ಕೆ, ಡೆಪ್ಯುಟಿ ಹೇಳಿದ್ದನ್ನು ಬಲಕ್ಕೆ ಬರೆಯಿರಿ. ಲೇಖನದ ಬೆನ್ನೆಲುಬು ಅಲ್ಲೇ ಸಿಗುತ್ತದೆ. ಸತ್ತ ಕಾವಲುಗಾರ ಬರ್ಡ್‌ಸಾಂಗ್ ಹದಿನೈದು ವರ್ಷದಿಂದ ಮೋಸದ ದಾಳ ಉರುಳಿಸುತ್ತಿದ್ದನೆಂದು ಡೆಪ್ಯುಟಿಗೆ ಗೊತ್ತು. ಬರ್ಡ್‌ಸಾಂಗ್ ಬಳಗದಲ್ಲಿ 42 ಓಟುಗಳಿವೆ ಎಂಬುದೂ ಗೊತ್ತು. ಇದನ್ನು ನೀವು ಮುಟ್ಟಿಯೇ ಇಲ್ಲ.

ಉದ್ಧರಣೆಗಳ ಅನುವಾದದಲ್ಲೂ ತೊಂದರೆಯಿದೆ. ರೈಡರ್‌ಗೆ ಹಳ್ಳಿಮಾತು, ಡೆಪ್ಯುಟಿಗೆ ಪತ್ರಿಕೆಯ ಕನ್ನಡ ಕೊಟ್ಟಿದ್ದೀರಿ. ಮೂಲದಲ್ಲಿ ಡೆಪ್ಯುಟಿಯದ್ದೂ ಒರಟು ಆಡುಮಾತೇ. ಅವನಿಗೆ ಶಿಷ್ಟ ಭಾಷೆ ಕೊಟ್ಟರೆ ಓದುಗರು ಅವನ ಮಾತನ್ನೇ ನಂಬಿಯಾರು.

1,200 ಪದಗಳಿಗೆ ಇಳಿಸಿ ಕಳಿಸಿ. ಸಿನಿಮಾಕ್ಕೆ ಹೊತ್ತಾಯಿತೆಂದು ಡೆಪ್ಯುಟಿಯ ಹೆಂಡತಿ ಗಂಡನಿಗೆ ಊಟದ ಅವಸರ ಮಾಡುವುದನ್ನು ನೀವು ಗಮನಿಸಿದ ಸಾಲನ್ನು ಮಾತ್ರ ಕತ್ತರಿಸಬೇಡಿ.